ಉಂಗುರದ ಒಳಗೆ, ಉಂಗುರದ ಹೊರಗೆ: ಎಡ ಟೆಂಪೊರಲ್ ಹಾಲೆಯ ಗೆಡ್ಡೆಯೊಂದರ ಪ್ರಕರಣ ಅಧ್ಯಯನ

ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದುಕಾಣಲೆಂದು ಸಿರೆಗೆ ಕೊಡುವ ಔಷಧ) ಕೊಟ್ಟ ಮೇಲೆ ಅಂಚು ಮಾತ್ರ ಉಂಗುರದಂತೆ ಬೆಳಗಿ ನಡುಭಾಗ ಕಪ್ಪಾಗಿಯೇ ಉಳಿಯುವ ಗಂಟು ಮೆದುಳಿನ ಎಂಆರ್‌ಐಯಲ್ಲಿ ಕಂಡರೆ ಮುಖ್ಯವಾಗಿ ನಾಲ್ಕು ಕಾಯಿಲೆಗಳನ್ನು ಯೋಚಿಸಬೇಕಾಗುತ್ತದೆ. ಮೆದುಳಿನಲ್ಲೇ ಹುಟ್ಟಿದ ಗ್ಲಯೊಬ್ಲಾಸ್ಟೋಮಾ, ಬೇರೆ ಅಂಗದಿಂದ ಹರಡಿ ಬಂದ ಕ್ಯಾನ್ಸರ್ ಗೆಡ್ಡೆ, ಕೀವು ತುಂಬಿದ ಬಾವು, ಗೆಡ್ಡೆಯಂತೆಯೇ ತೋರುವ ಮಯಲಿನ್ (ನರತಂತುಗಳ ಹೊದಿಕೆ) ನಾಶದ ಕಾಯಿಲೆ. ಮೊದಲನೆಯದಕ್ಕೆ ಸಾಧ್ಯವಾದಷ್ಟು ಕತ್ತರಿಸಿ ತೆಗೆದು ವಿಕಿರಣ ಕೊಡಬೇಕು, ಎರಡನೆಯದಕ್ಕೆ ಮೂಲ ಗೆಡ್ಡೆಯನ್ನು ಹುಡುಕಬೇಕು, ಮೂರನೆಯದಕ್ಕೆ ಕೀವು ಹೊರತೆಗೆದು ಆ್ಯಂಟಿಬಯೋಟಿಕ್ ಹಾಕಬೇಕು, ನಾಲ್ಕನೆಯದಕ್ಕೆ ಹೆಚ್ಚಿನ ಸಲ ಶಸ್ತ್ರಚಿಕಿತ್ಸೆಯೇ ಬೇಡ. ಉಂಗುರದಿಂದ ತಿಳಿಯುವುದು ಒಂದೇ ಸಂಗತಿ: ಅಷ್ಟು ಜಾಗದಲ್ಲಿ ರಕ್ತ ಮತ್ತು ಮೆದುಳಿನ ನಡುವಿನ ತಡೆಗೋಡೆ ಒಡೆದಿದೆ. ಯಾವ ಕಾಯಿಲೆಯಿಂದ ಒಡೆದಿದೆ ಎಂಬುದಕ್ಕೆ ಉಂಗುರದ ಒಳಗಿನ ದ್ರವವನ್ನೂ ಹೊರಗಿನ ಊತವನ್ನೂ ಬೇರೆಬೇರೆಯಾಗಿ ನೋಡಬೇಕು.

ಕೆಳಗಿನ ಪ್ರಕರಣ ಯಾವುದೇ ಒಬ್ಬ ರೋಗಿಯದಲ್ಲ. ಇಂಥ ಗೆಡ್ಡೆಗಳಲ್ಲಿ ಮತ್ತೆಮತ್ತೆ ಎದುರಾಗುವ ಚಿಹ್ನೆಗಳನ್ನೂ ತೊಡಕುಗಳನ್ನೂ ಒಟ್ಟುಗೂಡಿಸಿ ಕಲಿಕೆಗೆಂದು ರೂಪಿಸಿದ್ದು. ಅಳತೆಗಳು ಇಂಥ ಗೆಡ್ಡೆಗಳಲ್ಲಿ ಕಾಣುವ ವ್ಯಾಪ್ತಿಯೊಳಗೇ ಇವೆ.

ಬಂದಾಗಿನ ಸ್ಥಿತಿ

ವಯಸ್ಸು 58, ಬಲಗೈ ಬಳಸುವವರು, ತೂಕ 68 ಕಿಲೋ. ಮೂರು ವಾರಗಳಿಂದ ತಲೆನೋವು, ಬೆಳಗ್ಗೆ ಏಳುವಾಗ ಜಾಸ್ತಿ. ಮಾತಾಡುವಾಗ ಬೇಕಾದ ಪದ ಸಿಗದೆ ತಡವರಿಸುವುದನ್ನು ಮನೆಯವರು ಗಮನಿಸಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಮಾತು ನಿಂತು, ಬಾಯಿಯ ಬಲತುದಿ ಸೆಳೆದು, ಬಲಗೈ ಅದುರತೊಡಗಿ ಕೊನೆಗೆ ಪ್ರಜ್ಞೆ ತಪ್ಪಿತು. ತುರ್ತು ಚಿಕಿತ್ಸಾ ಘಟಕಕ್ಕೆ ಬರುವ ಹೊತ್ತಿಗೆ ಎಚ್ಚರವಿತ್ತು, ಆದರೆ ಬಲಗೈಯಲ್ಲಿ ಸ್ವಲ್ಪ ಬಲಹೀನತೆ ಉಳಿದಿತ್ತು.

ದಿಕ್ಕು ತಪ್ಪಿಸಬಲ್ಲ ಎರಡು ವಿವರಗಳು ಇಲ್ಲಿವೆ. ನಾಲ್ಕು ವಾರಗಳ ಹಿಂದೆ ಹಲ್ಲು ಕೀಳಿಸಿದ್ದರು, ಅದು ಬಾವಿನ ಅನುಮಾನಕ್ಕೆ ದಾರಿ. ಹಲವು ವರ್ಷ ಬೀಡಿ ಸಿಗರೇಟು ಸೇದಿದ್ದರು, ಅದು ಶ್ವಾಸಕೋಶದಿಂದ ಹರಡಿದ ಗೆಡ್ಡೆಯ ಅನುಮಾನಕ್ಕೆ ದಾರಿ. ಜ್ವರ ಇರಲಿಲ್ಲ. ಜ್ವರವಿಲ್ಲವೆಂದು ಬಾವನ್ನು ಪಟ್ಟಿಯಿಂದ ಕೈಬಿಡಲಾಗದು. ಜ್ವರವೇ ಇಲ್ಲದ ಮೆದುಳಿನ ಬಾವುಗಳು ಬೇಕಾದಷ್ಟಿವೆ.

ಮೊದಲ ಸಿಟಿ, ಮೊದಲ ತಪ್ಪು ಓದು

ಕಾಂಟ್ರಾಸ್ಟ್ ಇಲ್ಲದೆ ಮಾಡಿದ ಸಿಟಿಯಲ್ಲಿ ಎಡ ಟೆಂಪೊರಲ್ ಹಾಲೆಯ (ಕಿವಿಯ ಬಳಿಯ ಮೆದುಳಿನ ಪಾಲು) ಹಿಂಭಾಗ ಕಪ್ಪಾಗಿತ್ತು, ಮಧ್ಯರೇಖೆ ಬಲಕ್ಕೆ 7 ಮಿ.ಮೀ. ಸರಿದಿತ್ತು. ಮಾತು ನಿಂತದ್ದು, ಬಲಗೈ ಸೋತದ್ದು, ಎಡಗಡೆ ಕಪ್ಪು ಜಾಗ, ಇವು ಮೂರನ್ನು ಕೂಡಿಸಿ ಆರಂಭಿಕ ವರದಿ ಇದನ್ನು ಎಡ ಮಧ್ಯ ಮಸ್ತಿಷ್ಕ ಅಪಧಮನಿಯ ಪಾರ್ಶ್ವವಾಯು ಎಂದು ಕರೆಯಿತು.

ಈ ತಪ್ಪು ಅಪರೂಪವಲ್ಲ. ತಪ್ಪಿಸಲು ನೋಡಬೇಕಾದದ್ದು ಕಪ್ಪು ಜಾಗದ ಆಕಾರ. ರಕ್ತ ಹರಿವು ನಿಂತು ಸತ್ತ ಮೆದುಳಿನಲ್ಲಿ ಬೂದು ದ್ರವ್ಯ, ಬಿಳಿ ದ್ರವ್ಯ ಎರಡೂ ಒಟ್ಟಿಗೆ ಕಪ್ಪಾಗುತ್ತವೆ, ಜಾಗ ಬೆಣೆಯ ಆಕಾರದಲ್ಲಿ ಮೆದುಳಿನ ಮೇಲ್ಮೈವರೆಗೂ ಚಾಚಿ ಒಂದು ಅಪಧಮನಿಯ ಹರವಿಗೆ ಸರಿಹೊಂದುತ್ತದೆ. ಗೆಡ್ಡೆಯ ಸುತ್ತಲಿನ ಊತ ರಕ್ತನಾಳಗಳಿಂದ ಸೋರಿದ ನೀರು. ಅದು ಸಡಿಲವಾದ ಬಿಳಿ ದ್ರವ್ಯದ ಎಳೆಗಳ ನಡುವೆ ನುಗ್ಗುತ್ತದೆ, ಬಿಗಿಯಾದ ಬೂದು ದ್ರವ್ಯಕ್ಕೆ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಬೆರಳುಗಳನ್ನು ಅಗಲಿಸಿದ ಅಂಗೈಯಂತೆ ಕಪ್ಪು ಚಾಚುಗಳು ಕಾಣುತ್ತವೆ, ನಡುನಡುವೆ ಕಾರ್ಟೆಕ್ಸ್ (ಮೇಲ್ಮೈಯ ಬೂದು ದ್ರವ್ಯ) ಉಳಿದಿರುತ್ತದೆ. ಈ ಸಿಟಿಯಲ್ಲಿ ಇದ್ದದ್ದು ಈ ಬೆರಳುಗಳೇ. ಕಪ್ಪಿನ ನಡುವೆ ಸುತ್ತಲಿಗಿಂತ ತುಸು ಬೆಳ್ಳಗಿನ ದುಂಡನೆಯ ಗೋಡೆಯೂ ಇತ್ತು, ಆದರೆ ಸಾಮಾನ್ಯ ವಿಂಡೋದಲ್ಲಿ (ಪರದೆಯ ಕಪ್ಪು ಬಿಳುಪಿನ ವ್ಯಾಪ್ತಿಯ ಸೆಟ್ಟಿಂಗ್) ಅದು ಗೊತ್ತಾಗುವಂತಿರಲಿಲ್ಲ. ವಿಂಡೋದ ಅಗಲವನ್ನು 80ರಿಂದ 40ಕ್ಕೆ ಇಳಿಸಿ ನೋಡಿದಾಗ ಗೋಡೆ ಬೇರೆಯಾಗಿ ಕಂಡಿತು. ತಲೆಯ ಸಿಟಿಯಲ್ಲಿ ಅಸ್ಪಷ್ಟ ಕಪ್ಪು ಕಂಡಾಗಲೆಲ್ಲ ಈ ಒಂದು ಕೆಲಸ ಮಾಡಬೇಕು, ಹತ್ತು ಸೆಕೆಂಡೂ ಹಿಡಿಯುವುದಿಲ್ಲ.

ಸಮಯದ ಲೆಕ್ಕವೂ ಹೊಂದುತ್ತಿರಲಿಲ್ಲ. ಲಕ್ಷಣಗಳು ಮೂರು ವಾರ ನಿಧಾನವಾಗಿ ಏರಿ ಕೊನೆಗೆ ಫಿಟ್ಸ್ ಬಂದದ್ದು ರಕ್ತನಾಳ ಮುಚ್ಚಿಕೊಂಡದ್ದಕ್ಕಿಂತ ಬೆಳೆಯುತ್ತಿರುವ ಗಂಟಿಗೆ ಹತ್ತಿರ. ಫಿಟ್ಸ್ ನಂತರ ಉಳಿಯುವ ತಾತ್ಕಾಲಿಕ ಬಲಹೀನತೆ ಪಾರ್ಶ್ವವಾಯುವಿನಂತೆಯೇ ತೋರುತ್ತದೆ ಎಂಬುದನ್ನು ಸಿಟಿ ಓದುವವರಿಗೆ ಯಾರೂ ಹೇಳಿರಲಿಲ್ಲ. ಕೋರಿಕೆ ಚೀಟಿಯಲ್ಲಿ ಇದ್ದದ್ದು "ಬಲಗೈ ಬಲಹೀನತೆ" ಎಂಬ ಎರಡೇ ಪದ. ಚೀಟಿಯಲ್ಲಿ ಮೂರು ವಾರದ ತಲೆನೋವು ಬರೆದಿದ್ದರೆ ವರದಿ ಬೇರೆಯಾಗುವ ಸಾಧ್ಯತೆ ಹೆಚ್ಚಿತ್ತು.

ಎಂಆರ್‌ಐಗೆ ಮುನ್ನ

ಊತ ಮತ್ತು ಮಧ್ಯರೇಖೆಯ ಸರಿತ ಕಂಡ ಕೂಡಲೇ ಡೆಕ್ಸಾಮೆಥಾಸೋನ್ ಆರಂಭವಾಯಿತು: ಮೊದಲು 10 ಮಿ.ಗ್ರಾಂ, ನಂತರ ಆರು ಗಂಟೆಗೊಮ್ಮೆ 4 ಮಿ.ಗ್ರಾಂ. ಫಿಟ್ಸ್‌ಗೆ ಲೆವೆಟಿರಾಸೆಟಾಮ್. ಬೆನ್ನುಹುರಿಯ ನೀರು ತೆಗೆಯುವ ಪರೀಕ್ಷೆಯನ್ನು ಮಾಡಲಿಲ್ಲ. ಒಂದು ಪಕ್ಕದ ಒತ್ತಡ ಏರಿರುವಾಗ ಕೆಳಗಿನಿಂದ ನೀರು ತೆಗೆದರೆ ಮೆದುಳು ಕೆಳಕ್ಕೆ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು.

ಸ್ಟೀರಾಯ್ಡ್‌ಗೆ ಎರಡು ಮುಖಗಳಿವೆ. ಊತ ಇಳಿದು ಒಂದೆರಡು ದಿನಗಳಲ್ಲೇ ತಲೆನೋವು ಕಡಿಮೆಯಾಗುತ್ತದೆ. ಆದರೆ ಮೆದುಳಿನ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್) ಇದ್ದರೆ ಅದು ಸ್ಟೀರಾಯ್ಡ್‌ಗೆ ಕರಗಿ, ಬಯಾಪ್ಸಿಯಲ್ಲಿ ಏನೂ ಸಿಗದೆ ಹೋಗಬಹುದು. ಆದ್ದರಿಂದ ಜೀವಕ್ಕೆ ಅಪಾಯವಿಲ್ಲದ ರೋಗಿಗೆ ಎಂಆರ್‌ಐ ಆಗುವವರೆಗೆ ಸ್ಟೀರಾಯ್ಡ್ ತಡೆದಿಡುವುದು ಸರಿಯಾದ ಕ್ರಮ. ಇಲ್ಲಿ 7 ಮಿ.ಮೀ. ಸರಿತವಿದ್ದುದರಿಂದ ಕಾಯುವುದು ಸಾಧ್ಯವಿರಲಿಲ್ಲ. ಎರಡನೆಯ ದಿನದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು 13,400ಕ್ಕೆ ಏರಿ ಬಾವಿನ ಅನುಮಾನ ಮತ್ತೆ ತಲೆಯೆತ್ತಿತು. ಸ್ಟೀರಾಯ್ಡ್ ಒಂದರಿಂದಲೇ ಇಷ್ಟು ಏರಿಕೆ ಆಗುತ್ತದೆ. ಈ ಅಂಕಿಯನ್ನು ಸೋಂಕಿನ ಸಾಕ್ಷಿಯಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಯಂತ್ರದ ಕೊಠಡಿಗೆ ಕರೆದೊಯ್ಯುವ ಮುನ್ನ ಪೇಸ್‌ಮೇಕರ್, ಅನ್ಯೂರಿಸಂ ಕ್ಲಿಪ್, ಕಿವಿಯೊಳಗಿನ ಇಂಪ್ಲಾಂಟ್, ಕಣ್ಣಿನಲ್ಲಿ ಲೋಹದ ಚೂರು ಇವೆಯೇ ಎಂದು ಕೇಳಿ ಬರೆದುಕೊಂಡರು. ಪದ ಸಿಗದೆ ತೊಳಲುತ್ತಿರುವ ರೋಗಿಯ "ಇಲ್ಲ" ಎಂಬ ಉತ್ತರವನ್ನು ಮಾತ್ರ ನಂಬಬಾರದು, ಮನೆಯವರನ್ನೂ ಕೇಳಬೇಕು. ಮೂತ್ರಪಿಂಡದ ಶೋಧನಾ ಪ್ರಮಾಣ (ಇಜಿಎಫ್‌ಆರ್) 82 ಇತ್ತು. 30ಕ್ಕಿಂತ ಕೆಳಗಿದ್ದರೆ ಕಾಂಟ್ರಾಸ್ಟ್ ಔಷಧವಾದ ಗ್ಯಾಡೊಲಿನಿಯಂ ಕೊಡುವ ಮುನ್ನ ಯಾವ ಔಷಧ, ನಿಜಕ್ಕೂ ಬೇಕೇ ಎಂದು ಮತ್ತೊಮ್ಮೆ ಯೋಚಿಸಬೇಕಿತ್ತು. ಮುಂದೆ ಎರಡು ಮೂರು ತಿಂಗಳಿಗೊಮ್ಮೆ ಇದೇ ಔಷಧ ಬೇಕಾಗುವುದರಿಂದ ದೇಹದಲ್ಲಿ ಕಡಿಮೆ ಉಳಿಯುವ ಮ್ಯಾಕ್ರೊಸೈಕ್ಲಿಕ್ ಬಗೆಯನ್ನೇ ಆರಿಸಿದರು.

ಸೂಜಿಯ ವಿಷಯ ಚಿಕ್ಕದೆಂದು ಕಂಡರೂ ಅಂಗಾಂಶದ ರಕ್ತಪ್ರಮಾಣ ಅಳೆಯುವ ಪರ್ಫ್ಯೂಷನ್ ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ವಾರ್ಡಿನಿಂದ ಬರುವಾಗ ಅಂಗೈ ಹಿಂಭಾಗದಲ್ಲಿ 22 ಗೇಜ್ ಕ್ಯಾನುಲಾ ಇತ್ತು. ಅದರಲ್ಲಿ ಸೆಕೆಂಡಿಗೆ 4–5 ಮಿ.ಲೀ. ವೇಗ ನಂಬಿಕೆಯಿಂದ ಸಾಗದು. ಔಷಧ ಚದುರಿಕೊಂಡು ನಿಧಾನವಾಗಿ ಮೆದುಳಿಗೆ ತಲುಪುತ್ತದೆ, ಲೆಕ್ಕ ಹಾಕಲು ಬೇಕಾದ ಸಿಗ್ನಲ್ಲಿನ ಚೂಪಾದ ಇಳಿತ ಸಿಗುವುದಿಲ್ಲ. ಮೊಣಕೈ ಮಡಿಕೆಯ ಸಿರೆಗೆ 20 ಗೇಜ್ ಹೊಸ ಕ್ಯಾನುಲಾ ಹಾಕಿ, ಸಲೈನ್ ತಳ್ಳಿ ನೋಡಿ, ಆಮೇಲೆ ಇಂಜೆಕ್ಟರ್ ಜೋಡಿಸಿದರು.

ಚಿತ್ರ ತೆಗೆದ ಕ್ರಮ

ಯಂತ್ರ 3 ಟೆಸ್ಲಾ. ಮೊದಲು ಕಾಂಟ್ರಾಸ್ಟ್ ಇಲ್ಲದ ಮೂರು ಆಯಾಮದ ಟಿ1 (ನೀರು ಕಪ್ಪಗೆ, ಗ್ಯಾಡೊಲಿನಿಯಂ ಬೆಳ್ಳಗೆ ಕಾಣುವ ಚಿತ್ರ), 1 ಮಿ.ಮೀ. ಘನ ವಾಕ್ಸೆಲ್‌ಗಳಲ್ಲಿ. ನಂತರ ಊತವನ್ನು ಬೆಳ್ಳಗೆ ತೋರುವ ಫ್ಲೇರ್. ಫಿಟ್ಸ್ ನಂತರದ ಚಡಪಡಿಕೆಯಿಂದ ತಲೆ ಅಲುಗಿ ಫ್ಲೇರ್ ಮಸುಕಾಯಿತು, ತಲೆಯ ಎರಡೂ ಪಕ್ಕ ಮೆತ್ತೆ ಬಿಗಿಮಾಡಿ ಮತ್ತೆ ತೆಗೆದರು. ಮೂರನೆಯದು ನೀರಿನ ಅಣುಗಳ ಚಲನೆಯನ್ನು ತೋರುವ ಡಿಫ್ಯೂಷನ್, ಬಿ-ಮೌಲ್ಯ (ಆ ಚಲನೆಗೆ ಚಿತ್ರ ಎಷ್ಟು ಸೂಕ್ಷ್ಮ ಎಂಬುದರ ಅಳತೆ) 0, 500, 1000. ನಾಲ್ಕನೆಯದು ರಕ್ತವನ್ನೂ ಕ್ಯಾಲ್ಸಿಯಂ ಅನ್ನೂ ತೋರುವ ಸಸೆಪ್ಟಿಬಿಲಿಟಿ ಚಿತ್ರ, ಎಸ್‌ಡಬ್ಲ್ಯುಐ.

ಇಷ್ಟಾದ ಮೇಲೆ ಪರ್ಫ್ಯೂಷನ್. ಔಷಧದ ಪ್ರಮಾಣ ಕಿಲೋಗೆ 0.1 ಮಿಲಿಮೋಲ್. ಇಲ್ಲಿ ಬಳಸಿದ ಗ್ಯಾಡೊಬ್ಯುಟ್ರಾಲ್‌ನ ಒಂದು ಮಿ.ಲೀ.ಯಲ್ಲಿ 1 ಮಿಲಿಮೋಲ್ ಇರುವುದರಿಂದ 68 ಕಿಲೋಗೆ 6.8 ಮಿ.ಲೀ. ಗ್ಯಾಡೊಟರೇಟ್ ಆಗಿದ್ದರೆ ಅದರ ಸಾಂದ್ರತೆ ಅರ್ಧದಷ್ಟು, ಹಾಗಾಗಿ 13.6 ಮಿ.ಲೀ. ಬೇಕಿತ್ತು. ಈ ಎರಡು ಔಷಧಗಳನ್ನು ಒಂದೇ ಕಪಾಟಿನಲ್ಲಿಟ್ಟ ಕಡೆ ಪ್ರಮಾಣ ಅದಲುಬದಲಾಗುವ ಅಪಾಯ ನಿಜವಾದದ್ದು. ಇಂಜೆಕ್ಷನ್‌ಗೆ ಮುಂಚಿನ ಸಿಗ್ನಲ್ ಸ್ಥಿರವಾಗಿ ದಾಖಲಾಗಲಿ ಎಂದು ಸುಮಾರು ಮುಕ್ಕಾಲು ನಿಮಿಷ ಚಿತ್ರ ಓಡಿಸಿ, ಆಮೇಲೆ ಔಷಧ, ಅದರ ಬೆನ್ನಿಗೇ 25 ಮಿ.ಲೀ. ಸಲೈನ್ ಅದೇ ವೇಗದಲ್ಲಿ ಹೋಯಿತು. ಫ್ಲಿಪ್ ಕೋನ (ಯಂತ್ರದ ರೇಡಿಯೋ ಅಲೆ ಅಂಗಾಂಶದ ಕಾಂತತ್ವವನ್ನು ವಾಲಿಸುವ ಕೋನ) 30 ಡಿಗ್ರಿ ಇಟ್ಟರು. 60 ಡಿಗ್ರಿ ಇಡುವುದಾದರೆ ಮೊದಲೇ ಒಂದು ಪ್ರಮಾಣದ ಔಷಧ ಕೊಟ್ಟು ಗೆಡ್ಡೆಯನ್ನು ತೋಯಿಸಬೇಕಾಗುತ್ತದೆ, ಇಲ್ಲವಾದರೆ ಸೋರಿದ ಔಷಧ ಲೆಕ್ಕ ಕೆಡಿಸುತ್ತದೆ.

ನೀರು ಬೆಳ್ಳಗೆ ಕಾಣುವ ಟಿ2 ಚಿತ್ರವನ್ನು ಔಷಧ ಕೊಟ್ಟ ಮೇಲೆಯೇ ತೆಗೆದರು. 2015ರಲ್ಲಿ ಒಮ್ಮತದಿಂದ ರೂಪುಗೊಂಡ ಮೆದುಳಿನ ಗೆಡ್ಡೆಯ ಎಂಆರ್‌ಐ ಶಿಷ್ಟಕ್ರಮದಲ್ಲೂ ಟಿ2ಗೆ ಇದೇ ಜಾಗ. ಗ್ಯಾಡೊಲಿನಿಯಂ ಟಿ2ನ ಓದನ್ನು ಹೆಚ್ಚೇನೂ ಬದಲಿಸುವುದಿಲ್ಲ, ಔಷಧ ಗೆಡ್ಡೆಯೊಳಕ್ಕೆ ಇಳಿಯಲು ಬೇಕಾದ ನಾಲ್ಕೆಂಟು ನಿಮಿಷ ಆ ಹೊತ್ತಿನಲ್ಲಿ ಸರಿಯುತ್ತದೆ. ಪ್ರತಿ ಸಲವೂ ಇದೇ ಕ್ರಮ ಪಾಲಿಸಿದರೆ ಇಂಜೆಕ್ಷನ್‌ಗೂ ಕೊನೆಯ ಟಿ1ಗೂ ನಡುವಿನ ಅಂತರ ಒಂದೇ ಆಗಿ ಉಳಿಯುತ್ತದೆ. ಒಮ್ಮೆ ಎರಡು ನಿಮಿಷಕ್ಕೆ, ಇನ್ನೊಮ್ಮೆ ಹತ್ತು ನಿಮಿಷಕ್ಕೆ ತೆಗೆದ ಚಿತ್ರಗಳನ್ನು ಹೋಲಿಸಿದರೆ ಬೆಳೆಯದ ಗೆಡ್ಡೆಯೂ ಬೆಳೆದಂತೆ ಕಾಣುತ್ತದೆ. ಕೊನೆಗೆ ಮೊದಲಿನದೇ ಸೆಟ್ಟಿಂಗ್‌ನಲ್ಲಿ ಮೂರು ಆಯಾಮದ ಟಿ1.

ಉಂಗುರದ ಒಳಗೆ

ಕೊನೆಯ ಟಿ1ನಲ್ಲಿ ಎಡ ಟೆಂಪೊರಲ್ ಹಾಲೆಯ ಹಿಂಭಾಗದಲ್ಲಿ 42 × 35 × 38 ಮಿ.ಮೀ. ಗಂಟು, ಗೋಡೆ ಒಂದೆಡೆ 4, ಇನ್ನೊಂದೆಡೆ 11 ಮಿ.ಮೀ. ದಪ್ಪ, ಒಳಮೈ ಹರಿದಂತೆ ಒರಟು. ಮೂರು ಅಳತೆಗಳನ್ನು ಗುಣಿಸಿ ಎರಡರಿಂದ ಭಾಗಿಸುವ ಅಂದಾಜಿನಲ್ಲಿ ಗಾತ್ರ ಸುಮಾರು 28 ಮಿ.ಲೀ. ಬಾವಿನ ಗೋಡೆ ಸಾಮಾನ್ಯವಾಗಿ ತೆಳ್ಳಗೆ, ನುಣುಪಾಗಿ, ವೆಂಟ್ರಿಕಲ್ (ಮೆದುಳಿನೊಳಗಿನ ನೀರಿನ ಕೋಣೆ) ಕಡೆಯ ಮಗ್ಗುಲಲ್ಲಿ ಇನ್ನೂ ತೆಳ್ಳಗೆ ಇರುತ್ತದೆ. ಇಲ್ಲಿ ಅದು ಹೊಂದಲಿಲ್ಲ. ಆದರೆ ಗೋಡೆಯ ಆಕಾರವೊಂದನ್ನೇ ನೆಚ್ಚಿ ಯಾರಿಗೂ ಬಾವು ಇಲ್ಲ ಎನ್ನಬಾರದು.

ನಿರ್ಣಯ ಡಿಫ್ಯೂಷನ್ನಿನದು. ಕೀವು ಕಣಗಳಿಂದಲೂ ಪ್ರೋಟೀನಿನಿಂದಲೂ ಮಂದವಾದದ್ದು, ಅದರೊಳಗೆ ನೀರಿನ ಅಣುಗಳು ಓಡಾಡಲಾರವು. ಹಾಗಾಗಿ ಬಾವಿನ ನಡುಭಾಗ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ, ನೀರಿನ ಚಲನೆಯನ್ನು ಅಂಕಿಯಾಗಿ ಕೊಡುವ ಎಡಿಸಿ ನಕ್ಷೆಯಲ್ಲಿ ಕಪ್ಪಗೆ ಬರುತ್ತದೆ. ಗೆಡ್ಡೆಯ ನಡುವಿನ ಕೊಳೆತ ಭಾಗದಲ್ಲಿ ಜೀವಕೋಶಗಳೇ ಒಡೆದುಹೋಗಿರುವುದರಿಂದ ನೀರು ಸ್ವತಂತ್ರ. ಈ ರೋಗಿಯ ನಡುಭಾಗದ ಎಡಿಸಿ 1.9 ಇತ್ತು (ಮಾನ 10⁻³ ಚದರ ಮಿ.ಮೀ. ಪ್ರತಿ ಸೆಕೆಂಡಿಗೆ, ಆರೋಗ್ಯವಂತ ಬಿಳಿ ದ್ರವ್ಯದಲ್ಲಿ 0.7–0.8). ದಪ್ಪ ಗೋಡೆಯಲ್ಲಿ 0.85. ಒಳಗೆ ನೀರು ಸಡಿಲ, ಗೋಡೆಯಲ್ಲಿ ಕೋಶಗಳ ದಟ್ಟಣೆ: ಇದು ಗೆಡ್ಡೆಯ ಜೋಡಿ, ಬಾವಿನಲ್ಲಿ ಇದು ತಿರುವುಮುರುವಾಗಿರುತ್ತದೆ.

ಇಷ್ಟು ಸುಲಭವಾಗಿ ಮುಗಿಯದಂತೆ ಮಾಡಿದ್ದು ಗೋಡೆಯ ಹಿಂಬದಿಗೆ ಅಂಟಿಕೊಂಡ 9 ಮಿ.ಮೀ. ಚುಕ್ಕೆ. ಡಿಫ್ಯೂಷನ್‌ನಲ್ಲಿ ಅದು ಪ್ರಖರ, ಎಡಿಸಿ 0.55. ಅವಸರದಲ್ಲಿ ನೋಡಿದವರಿಗೆ ಕೀವಿನ ಗೂಡು. ಆದರೆ ಕಾಂಟ್ರಾಸ್ಟ್ ಕೊಡುವ ಮುನ್ನ ತೆಗೆದ ಟಿ1ನಲ್ಲೇ ಅದು ಬೆಳ್ಳಗಿತ್ತು, ಟಿ2ನಲ್ಲೂ ಬೆಳ್ಳಗಿತ್ತು, ಎಸ್‌ಡಬ್ಲ್ಯುಐಯಲ್ಲಿ ಅಂಚಿಗೆ ಕಪ್ಪು ಗೆರೆಯಿತ್ತು. ಅದು ಒಂದೆರಡು ವಾರ ಹಳೆಯ ರಕ್ತಸ್ರಾವ. ಹಳೆಯ ರಕ್ತವೂ ನೀರಿನ ಚಲನೆಯನ್ನು ತಡೆಯುತ್ತದೆ. ಎಡಿಸಿ ನಕ್ಷೆಯನ್ನು ಟಿ1 ಮತ್ತು ಎಸ್‌ಡಬ್ಲ್ಯುಐ ಪಕ್ಕದಲ್ಲಿಟ್ಟುಕೊಳ್ಳದೆ ಓದಬಾರದೆನ್ನುವುದು ಇದಕ್ಕೇ. ಸಮಯ ಉಳಿಸಲು ಕಾಂಟ್ರಾಸ್ಟ್ ಮುಂಚಿನ ಟಿ1 ಬಿಟ್ಟಿದ್ದರೆ ಈ ಚುಕ್ಕೆಯನ್ನು ಔಷಧ ಹೀರಿದ ಗೆಡ್ಡೆ ಎಂದೇ ಎಣಿಸಿಬಿಡುತ್ತಿದ್ದರು. ಡಿಫ್ಯೂಷನ್‌ನಲ್ಲಿ ಬೆಳ್ಳಗಿದ್ದು ಎಡಿಸಿಯಲ್ಲೂ ಬೆಳ್ಳಗಿದ್ದರೆ ಅದು ಟಿ2ನ ಹೊಳಪು ಸೋಸಿ ಬಂದದ್ದಷ್ಟೆ, ಅದನ್ನೂ ಕೀವೆಂದು ತಿಳಿಯುವುದುಂಟು.

ಎಸ್‌ಡಬ್ಲ್ಯುಐಯಲ್ಲಿ ಇನ್ನೊಂದು ಸುಳಿವಿತ್ತು. ಬಾವಿನ ಗೋಡೆಯಲ್ಲಿ ಹೊರಗೆ ಕಪ್ಪು, ಅದರ ಒಳಮಗ್ಗುಲಿಗೆ ಬಿಳಿ, ಹೀಗೆ ಎರಡು ಪೂರ್ಣ ವೃತ್ತಗಳು ಒಂದರೊಳಗೊಂದು ಕಾಣಸಿಗುತ್ತವೆ. ಇಲ್ಲಿ ಅಂಥ ಜೋಡಿ ವೃತ್ತ ಇರಲಿಲ್ಲ. ಗೋಡೆಯ ತುಂಬ ಚುಕ್ಕೆ, ಎಳೆಗಳ ರೂಪದ ಕಪ್ಪು ಗುರುತುಗಳಿದ್ದವು, ಹೊಸ ರಕ್ತನಾಳಗಳು ಮತ್ತು ಚಿಕ್ಕ ರಕ್ತಸ್ರಾವಗಳು.

ಉಂಗುರದ ಹೊರಗೆ

ಬಾವಿನ ಅನುಮಾನ ಹೋದ ಮೇಲೆ ಉಳಿದ ಕಷ್ಟದ ಪ್ರಶ್ನೆ: ಗೆಡ್ಡೆ ಇಲ್ಲಿಯದೇ, ಬೇರೆಡೆಯಿಂದ ಬಂದದ್ದೇ? ಗೋಡೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇದಕ್ಕೆ ಉತ್ತರವಿಲ್ಲ, ಎರಡರ ಗೋಡೆಯೂ ಔಷಧ ಹೀರುತ್ತದೆ, ಎರಡರಲ್ಲೂ ಹೊಸ ರಕ್ತನಾಳಗಳು ತುಂಬಿರುತ್ತವೆ. ವ್ಯತ್ಯಾಸ ಇರುವುದು ಸುತ್ತಲಿನ ಊತದಲ್ಲಿ. ಹರಡಿ ಬಂದ ಗೆಡ್ಡೆ ಮೆದುಳನ್ನು ತಳ್ಳಿಕೊಂಡು ಬೆಳೆಯುತ್ತದೆ, ಅದರ ಸುತ್ತ ಇರುವುದು ಬಹುಪಾಲು ಬರೀ ನೀರು. ಗ್ಲಯೊಬ್ಲಾಸ್ಟೋಮಾದ ಕೋಶಗಳು ಉಂಗುರವನ್ನು ದಾಟಿ ಬಿಳಿ ದ್ರವ್ಯದುದ್ದಕ್ಕೂ ನುಸುಳಿರುತ್ತವೆ, ಊತವೆಂದು ಕಾಣುವ ಜಾಗದಲ್ಲೇ ಗೆಡ್ಡೆಯಿರುತ್ತದೆ.

ಫ್ಲೇರ್‌ನಲ್ಲಿ ಇದರ ಕುರುಹು ಸಿಕ್ಕಿತು. ಹೊರಭಾಗದಲ್ಲಿ ಬೆರಳಿನಾಕಾರದ ಪ್ರಖರ ಬಿಳುಪು, ಅದು ನೀರು. ಗಂಟಿನ ಮುಂಭಾಗದಿಂದ ಇನ್‌ಸುಲಾದ (ಟೆಂಪೊರಲ್ ಹಾಲೆಯ ಪಕ್ಕ ಒಳಗೆ ಹುದುಗಿದ ಕಾರ್ಟೆಕ್ಸ್) ಕಡೆಗೆ ಸಾಗಿದ ಇನ್ನೊಂದು ಜಾಗ ಅಷ್ಟು ಪ್ರಖರವಲ್ಲದ ಬಿಳುಪು. ಅಲ್ಲಿ ಕಾರ್ಟೆಕ್ಸ್ ದಪ್ಪಗಾಗಿತ್ತು, ಬೂದು ಬಿಳಿ ದ್ರವ್ಯಗಳ ಗಡಿ ಅಳಿಸಿಹೋಗಿತ್ತು, ಔಷಧ ಮಾತ್ರ ಹೀರಿರಲಿಲ್ಲ. ಬರೀ ನೀರು ಕಾರ್ಟೆಕ್ಸನ್ನು ಹೀಗೆ ದಪ್ಪಗಾಗಿಸುವುದಿಲ್ಲ.

ಪರ್ಫ್ಯೂಷನ್ ಇದನ್ನೇ ಅಂಕಿಯಲ್ಲಿ ಹೇಳಿತು. ಬಣ್ಣದ ನಕ್ಷೆ ನೋಡುವ ಮುನ್ನ ವಕ್ರರೇಖೆಯನ್ನು ನೋಡಬೇಕು: ಆರಂಭ ಸಮತಟ್ಟಾಗಿದೆಯೇ, ಇಳಿತ ಚೂಪಾಗಿದೆಯೇ, ಮರಳಿ ಏರುವಾಗ ಎಲ್ಲಿ ನಿಂತಿದೆ. ಗೋಡೆಯ ವಕ್ರರೇಖೆ ಇಳಿದು ಮರಳುವಾಗ ಆರಂಭದ ಮಟ್ಟಕ್ಕಿಂತ ಮೇಲಕ್ಕೆ ಹೋಗಿತ್ತು. ಒಡೆದ ತಡೆಗೋಡೆಯಿಂದ ಔಷಧ ಹೊರಸೋರಿ ಟಿ1 ಪರಿಣಾಮ ಬೀರಿದ್ದರ ಗುರುತು ಅದು. ಹಾಗೇ ಬಿಟ್ಟರೆ ರಕ್ತಪ್ರಮಾಣ ಇರುವುದಕ್ಕಿಂತ ಕಡಿಮೆಯೆಂದು ಬರುತ್ತದೆ. ಎದುರು ಪಕ್ಕದ ಆರೋಗ್ಯವಂತ ಬಿಳಿ ದ್ರವ್ಯವನ್ನು 1 ಎಂದಿಟ್ಟುಕೊಂಡರೆ ಗೋಡೆಯ ಸಾಪೇಕ್ಷ ರಕ್ತಪ್ರಮಾಣ ತಿದ್ದುಪಡಿಗೆ ಮುನ್ನ 2.6, ಸೋರಿಕೆಯ ತಿದ್ದುಪಡಿ ಹಾಕಿದ ಮೇಲೆ 4.1. ಉನ್ನತ ದರ್ಜೆಯ ಗ್ಲಯೋಮಾ (ಗ್ಲಯೊಬ್ಲಾಸ್ಟೋಮಾ ಸೇರಿರುವ ಗೆಡ್ಡೆಗಳ ಗುಂಪು) ಗುರುತಿಸಲು 2003ರಿಂದ ಬಳಕೆಯಲ್ಲಿರುವ 1.75ರ ಗಡಿಯನ್ನು ಎರಡೂ ದಾಟುತ್ತವೆ, ಆದರೆ ಚಿಕ್ಕ ಗೆಡ್ಡೆಗಳಲ್ಲಿ ಈ ವ್ಯತ್ಯಾಸವೇ ನಿರ್ಣಯವನ್ನು ಅಡಿಮೇಲು ಮಾಡಬಲ್ಲದು. ಆ 1.75 ಕೂಡ ಎಲ್ಲ ಯಂತ್ರ, ಎಲ್ಲ ತಂತ್ರಾಂಶಗಳಿಗೆ ಹೊಂದುವ ಗೆರೆಯಲ್ಲ. ಪ್ರತಿ ಕೇಂದ್ರ ತನ್ನದೇ ಪ್ರಕರಣಗಳ ಮೇಲೆ ಒರೆಹಚ್ಚಿಕೊಳ್ಳಬೇಕು.

ಉಂಗುರದಿಂದ 1 ಸೆಂ.ಮೀ. ಹೊರಗೆ, ಔಷಧ ಹೀರದ ಮುಂಭಾಗದಲ್ಲಿ ರಕ್ತಪ್ರಮಾಣ 1.8. ಹಿಂಭಾಗದ ಪ್ರಖರ ಊತದಲ್ಲಿ 0.7. ಹರಡಿ ಬಂದ ಗೆಡ್ಡೆಯಾಗಿದ್ದರೆ ಸುತ್ತಲೂ 1ರ ಕೆಳಗೇ ಇರಬೇಕಿತ್ತು. ಈ ಜಾಗವನ್ನು ಅಳೆಯುವಾಗ ಕಾರ್ಟೆಕ್ಸ್‌ನ ದೊಡ್ಡ ರಕ್ತನಾಳ ಅಳತೆಯ ವೃತ್ತದೊಳಕ್ಕೆ ಬಂದರೆ ಅಂಕಿ ಸುಳ್ಳಾಗಿ ಏರುತ್ತದೆ. ಕೊನೆಯ ಟಿ1ನ ಮೇಲೆ ನಕ್ಷೆಯನ್ನು ಹೊಂದಿಸಿ, ನಾಳಗಳನ್ನು ತಪ್ಪಿಸಿ, ಮೂರು ನಾಲ್ಕು ಚಿಕ್ಕ ವೃತ್ತಗಳನ್ನಿಟ್ಟು ಅಳೆದರು. ಟೆಂಪೊರಲ್ ಹಾಲೆಯ ತಳದಲ್ಲಿ ಕಿವಿಮೂಳೆಯ ಗಾಳಿಯಿಂದ ಚಿತ್ರ ಹಿಂಜಿದಂತಾಗಿ ಸಿಗ್ನಲ್ ಕಳೆದುಹೋಗುತ್ತದೆ, ಆ ಪಟ್ಟಿಯಲ್ಲಿ ಯಾವ ಅಂಕಿಯನ್ನೂ ತೆಗೆದುಕೊಳ್ಳಲಿಲ್ಲ.

ಮಯಲಿನ್ ನಾಶದ ಕಾಯಿಲೆಗೆ ಇಲ್ಲಿ ಹೆಚ್ಚು ಜಾಗವಿರಲಿಲ್ಲ. ಅದರ ಉಂಗುರ ಹಲವು ಸಲ ಪೂರ್ತಿಯಾಗಿರದೆ ಕಾರ್ಟೆಕ್ಸ್ ಕಡೆಗೆ ತೆರೆದಿರುತ್ತದೆ, ಗಾತ್ರಕ್ಕೆ ಹೋಲಿಸಿದರೆ ಒತ್ತಡ ಕಡಿಮೆ, ರಕ್ತಪ್ರಮಾಣವೂ ಕಡಿಮೆ. ರೋಗನಿರೋಧಕ ಶಕ್ತಿ ಸರಿಯಿರುವವರ ಲಿಂಫೋಮಾ ಸಾಮಾನ್ಯವಾಗಿ ಇಡಿಯಾಗಿ ಬೆಳಗುತ್ತದೆ, ನಡುವೆ ಕೊಳೆತಿರುವುದು ಅಪರೂಪ.

ಅಂಗಾಂಶದ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೋಸ್ಕೋಪಿಯನ್ನೂ ಮಾಡಿದರು. ದಪ್ಪ ಗೋಡೆಯ ಮೇಲೆ 1.5 ಸೆಂ.ಮೀ. ಘನ ಇಟ್ಟಾಗ 3.2 ಪಿಪಿಎಂನಲ್ಲಿ ಕೋಶಪೊರೆಯ ಗುರುತಾದ ಕೋಲಿನ್ ಎತ್ತರ, 2.0ರಲ್ಲಿ ನರಕೋಶದ ಗುರುತಾದ ಎನ್‌ಎಎ ತೀರ ತಗ್ಗು, 1.3ರ ಸುತ್ತ ಲಿಪಿಡ್ ಮತ್ತು ಲ್ಯಾಕ್ಟೇಟ್. ಬಾವಿನಲ್ಲಿ ಸಿಗಬಹುದಾದ 1.9ರ ಅಸಿಟೇಟ್, 2.4ರ ಸಕ್ಸಿನೇಟ್ ಇರಲಿಲ್ಲ. ಮುಖ್ಯವಾದ ಅಳತೆ ಉಂಗುರದ ಹೊರಗಿನದು: ಮುಂಭಾಗದ ಮಂದ ಬಿಳುಪಿನಲ್ಲೂ ಕೋಲಿನ್ ಏರಿತ್ತು. ಘನ ತಲೆಬುರುಡೆಗೆ ತೀರ ಹತ್ತಿರವಾದರೆ ನೆತ್ತಿಯ ಕೊಬ್ಬು ಲಿಪಿಡ್ ಶಿಖರವಾಗಿ ನುಗ್ಗುತ್ತದೆ. ಮೊದಲ ಸಲ ಹಾಗೇ ಆಗಿ, 8 ಮಿ.ಮೀ. ಒಳಕ್ಕೆ ಸರಿಸಿ ಮತ್ತೆ ತೆಗೆಯಬೇಕಾಯಿತು.

ಧೂಮಪಾನದ ಇತಿಹಾಸವಿದ್ದುದರಿಂದ ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಸಿಟಿಯನ್ನು ಬಿಡಲಿಲ್ಲ. ಮೂಲ ಗೆಡ್ಡೆ ಎಲ್ಲೂ ಸಿಗಲಿಲ್ಲ. ಮೆದುಳಿನ ಚಿತ್ರ ಇಷ್ಟು ಸ್ಪಷ್ಟವಾಗಿರುವಾಗ ಈ ಸಿಟಿ ಬೇಕಿತ್ತೇ ಎಂಬ ಪ್ರಶ್ನೆ ಬರುತ್ತದೆ. ಬೇಕಿತ್ತು. ಶ್ವಾಸಕೋಶದಲ್ಲಿ ಸುಲಭವಾಗಿ ಸೂಜಿ ಹಾಕಬಹುದಾದ ಗಂಟು ಸಿಕ್ಕಿದ್ದರೆ ರೋಗಿಗೆ ಹೇಳುವ ಮಾತು, ಶಸ್ತ್ರಚಿಕಿತ್ಸೆಯ ಗುರಿ, ಎರಡೂ ಬದಲಾಗುತ್ತಿದ್ದವು.

ವರದಿಯಲ್ಲಿ ಬರೆದದ್ದು

"ಗೆಡ್ಡೆ ಇದೆ, ಬಯಾಪ್ಸಿ ಮಾಡಿಸಿ" ಎಂಬ ಒಂದು ಸಾಲಿನ ವರದಿ ಶಸ್ತ್ರಚಿಕಿತ್ಸಕರ ಕೈಗೆ ಏನನ್ನೂ ಕೊಡುವುದಿಲ್ಲ. ಇಲ್ಲಿನ ವರದಿಯಲ್ಲಿ ಜಾಗ, ಮೂರು ಅಳತೆ, ಗೋಡೆಯ ದಪ್ಪ, ಒಳಗಿನ ಮತ್ತು ಗೋಡೆಯ ಎಡಿಸಿ, ಸೋರಿಕೆ ತಿದ್ದುಪಡಿಯ ನಂತರದ ರಕ್ತಪ್ರಮಾಣ, ಔಷಧ ಹೀರದ ಭಾಗ ಇನ್‌ಸುಲಾವರೆಗೆ ಸಾಗಿರುವುದು, ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್ ದಾಟಿಲ್ಲವೆಂಬುದು, ಮನ್ರೋ ರಂಧ್ರದ ಮಟ್ಟದಲ್ಲಿ ಅಳೆದ ಮಧ್ಯರೇಖೆಯ ಸರಿತ 6 ಮಿ.ಮೀ., ಟೆಂಪೊರಲ್ ಹಾಲೆಯ ಒಳತುದಿಯಾದ ಅಂಕಸ್ ಒಳಕ್ಕೆ ಬಾಗಿದ್ದರೂ ಮಿದುಳುಕಾಂಡ ಒತ್ತಿಲ್ಲವೆಂಬುದು ಇದ್ದವು. ಎಂಆರ್‌ಐ ಹೊತ್ತಿಗೆ ಸ್ಟೀರಾಯ್ಡ್ ಆರಂಭವಾಗಿ ಎರಡು ದಿನವಾಗಿತ್ತೆಂಬುದನ್ನು ಬೇರೆ ಸಾಲಿನಲ್ಲಿ ಬರೆದಿದ್ದರು. ಊತವೂ ಔಷಧ ಹೀರುವಿಕೆಯೂ ಇಳಿದಿರುವ ಸಾಧ್ಯತೆಯನ್ನು ಮುಂದೆ ಹೋಲಿಸುವವರು ತಿಳಿದಿರಬೇಕು.

ಅಭಿಪ್ರಾಯ: ಗ್ಲಯೊಬ್ಲಾಸ್ಟೋಮಾ ಬಲವಾದ ಸಾಧ್ಯತೆ, ಹರಡಿ ಬಂದ ಒಂಟಿ ಗೆಡ್ಡೆ ಕಡಿಮೆ ಸಾಧ್ಯತೆ, ಬಾವು ಇಲ್ಲ. ಇದಕ್ಕಿಂತ ಮುಂದೆ ಚಿತ್ರ ಹೋಗಲಾರದು. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಗ್ಲಯೊಬ್ಲಾಸ್ಟೋಮಾ ಎಂದು ಕರೆಯಲು ಐಡಿಎಚ್ ಜೀನ್‌ನಲ್ಲಿ ರೂಪಾಂತರ ಇರಬಾರದು. ಅದು ಅಂಗಾಂಶದ ಪರೀಕ್ಷೆಯ ಮಾತು.

ಎಲ್ಲಿಂದ ತೆಗೆಯಬೇಕು

ಬಯಾಪ್ಸಿ ಸೂಜಿ ಗಂಟಿನ ನಟ್ಟನಡುವಿಗೆ ಹೋದರೆ ಸಿಗುವುದು ಸತ್ತ ಕೋಶಗಳ ಲೋಳೆ, ಪೆಥಾಲಜಿ ವರದಿ "ಕೊಳೆತ ಅಂಗಾಂಶ, ನಿರ್ಣಯ ಸಾಧ್ಯವಿಲ್ಲ" ಎಂದು ಬರುತ್ತದೆ. ರಕ್ತಪ್ರಮಾಣದ ನಕ್ಷೆಯನ್ನು ನ್ಯಾವಿಗೇಷನ್ ಯಂತ್ರಕ್ಕೆ ಸೇರಿಸಿದ್ದು ಇದಕ್ಕಾಗಿ: 4.1 ಇದ್ದ ದಪ್ಪ ಗೋಡೆ ಮೊದಲ ಗುರಿ, 1.8 ಇದ್ದ ಹೊರಭಾಗ ಎರಡನೆಯದು. ನ್ಯಾವಿಗೇಷನ್‌ಗೆ ಬೇಕಾದ ಟಿ1ನಲ್ಲಿ ಚೂರುಗಳ ನಡುವೆ ಅಂತರವಿರಬಾರದು, ಮೂಗು, ಕಿವಿ, ನೆತ್ತಿಯ ಚರ್ಮ ಪೂರ್ತಿ ಚಿತ್ರದೊಳಗಿರಬೇಕು. ಸಮಯ ಉಳಿಸಲು ಮೂಗಿನ ತುದಿ ಕತ್ತರಿಸಿದ ಚಿತ್ರ ಕಳಿಸಿದರೆ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಮುಖವನ್ನು ಚಿತ್ರಕ್ಕೆ ಹೊಂದಿಸಲಾಗದೆ ಎಲ್ಲರೂ ಕಾಯುತ್ತಾರೆ.

ಗಂಟು ಭಾಷೆಯ ಪಕ್ಕದಲ್ಲೇ ಇದ್ದುದರಿಂದ ಫಂಕ್ಷನಲ್ ಎಂಆರ್‌ಐ ಮತ್ತು ನರಮಾರ್ಗಗಳ ನಕ್ಷೆ ಮಾಡಿದರು. ಭಾಷೆ ಎಡಗಡೆಯೇ, ಭಾಷೆಯ ಜಾಗಗಳನ್ನು ಜೋಡಿಸುವ ಆರ್ಕ್ಯುಯೇಟ್ ಮಾರ್ಗ ಗಂಟಿನ ಒಳಮಗ್ಗುಲಿಗೆ ತಳ್ಳಲ್ಪಟ್ಟಿತ್ತು. ಊತದೊಳಗೆ ನರಮಾರ್ಗದ ನಕ್ಷೆ ತುಂಡಾಗಿ ಕಂಡರೆ ಮಾರ್ಗವೇ ಅಲ್ಲಿ ಇಲ್ಲವೆಂದು ಅರ್ಥವಲ್ಲ; ನೀರು ತುಂಬಿದ ಕಡೆ ಲೆಕ್ಕಾಚಾರ ಎಳೆಯನ್ನು ಹಿಂಬಾಲಿಸಲಾರದೆ ನಿಂತುಬಿಡುತ್ತದೆ. ಆದ್ದರಿಂದ ಕೊನೆಯ ಮಾತನ್ನು ನಕ್ಷೆಗೆ ಬಿಡದೆ, ರೋಗಿಯನ್ನು ಎಚ್ಚರವಿಟ್ಟು ಮಾತಾಡಿಸುತ್ತ, ವಿದ್ಯುತ್ ಪ್ರಚೋದನೆಯಿಂದ ಭಾಷೆಯ ಜಾಗಗಳನ್ನು ಗುರುತಿಸಿಕೊಂಡು ಗೆಡ್ಡೆ ತೆಗೆದರು.

ಅಂಗಾಂಶದ ಉತ್ತರ, ನಂತರದ ಚಿತ್ರಗಳು

ಪೆಥಾಲಜಿ: ಗ್ಲಯೊಬ್ಲಾಸ್ಟೋಮಾ, ಐಡಿಎಚ್ ರೂಪಾಂತರ ಇಲ್ಲ, ದರ್ಜೆ 4, ಎಂಜಿಎಂಟಿ ಪ್ರಮೋಟರ್ ಮಿಥೈಲೇಷನ್ (ಗೆಡ್ಡೆ ಕೀಮೋಥೆರಪಿಗೆ ಹೆಚ್ಚು ಸ್ಪಂದಿಸಬಹುದೆಂಬ ಸೂಚನೆ) ಇದೆ. ಔಷಧ ಹೀರದ ಮುಂಭಾಗದಿಂದ ಪ್ರತ್ಯೇಕವಾಗಿ ತೆಗೆದ ತುಣುಕಿನಲ್ಲೂ ನುಸುಳಿದ ಗೆಡ್ಡೆಯ ಕೋಶಗಳಿದ್ದವು.

ಶಸ್ತ್ರಚಿಕಿತ್ಸೆಯ ನಂತರದ ಎಂಆರ್‌ಐ 48 ಗಂಟೆಯೊಳಗೆ ಆಯಿತು. ತಡವಾದರೆ ಗಾಯದ ಅಂಚೇ ಔಷಧ ಹೀರತೊಡಗಿ, ಉಳಿದ ಗೆಡ್ಡೆ ಯಾವುದು, ಗಾಯ ಯಾವುದು ತಿಳಿಯದಾಗುತ್ತದೆ. ಗೆಡ್ಡೆ ತೆಗೆದು ಉಳಿದ ಕುಹರದ ಅಂಚಿನ ರಕ್ತ ಟಿ1ನಲ್ಲಿ ಮೊದಲೇ ಬೆಳ್ಳಗಿರುವುದರಿಂದ ಕಾಂಟ್ರಾಸ್ಟ್ ನಂತರದ ಚಿತ್ರದಿಂದ ಮುಂಚಿನದನ್ನು ಕಳೆದು ನೋಡಿದರು. ಔಷಧ ಹೀರುವ ಭಾಗ ಏನೂ ಉಳಿದಿರಲಿಲ್ಲ. ಡಿಫ್ಯೂಷನ್‌ನಲ್ಲಿ ಕುಹರದ ಮೇಲಂಚಿಗೆ 12 ಮಿ.ಮೀ. ಪಟ್ಟಿ ಬೆಳ್ಳಗಿತ್ತು, ಶಸ್ತ್ರಚಿಕಿತ್ಸೆಯಲ್ಲಿ ರಕ್ತ ತಪ್ಪಿದ ಜಾಗ. ಅದನ್ನು ವರದಿಯಲ್ಲಿ ಎದ್ದುಕಾಣುವಂತೆ ಬರೆದರು, ಏಕೆಂದರೆ ಕೆಲವು ವಾರಗಳಲ್ಲಿ ಇಂಥ ಪಟ್ಟಿ ಔಷಧ ಹೀರಿ ಬೆಳಗುತ್ತದೆ, ಮೊದಲ ಚಿತ್ರ ನೋಡದವರು ಅದನ್ನು ಮರುಕಳಿಸಿದ ಗೆಡ್ಡೆಯೆನ್ನುತ್ತಾರೆ.

ಆರು ವಾರಗಳಲ್ಲಿ 30 ಕಂತುಗಳಾಗಿ 60 ಗ್ರೇ ವಿಕಿರಣ, ಜೊತೆಗೆ ಕೀಮೋಥೆರಪಿ ಔಷಧವಾದ ಟೆಮೊಜೊಲೊಮೈಡ್. ಮುಗಿದ ಐದನೆಯ ವಾರದ ಎಂಆರ್‌ಐಯಲ್ಲಿ ಕುಹರದ ಮುಂಬದಿಯಲ್ಲಿ 18 × 14 ಮಿ.ಮೀ. ಹೊಸ ಬೆಳಕು ಕಾಣಿಸಿತು. ವಿಕಿರಣ ಮುಗಿದ ಮೊದಲ 12 ವಾರಗಳಲ್ಲಿ ಇಂಥದ್ದು ಕಂಡಾಗ ಚಿಕಿತ್ಸೆಯ ಪರಿಣಾಮವೇ ಗೆಡ್ಡೆಯ ವೇಷದಲ್ಲಿರಬಹುದು, ಎಂಜಿಎಂಟಿ ಮಿಥೈಲೇಷನ್ ಇರುವವರಲ್ಲಿ ಇನ್ನೂ ಹೆಚ್ಚು. ಅಲ್ಲಿನ ರಕ್ತಪ್ರಮಾಣ 1.1, ಎಡಿಸಿ 1.4. ಮೊದಲ ಗೆಡ್ಡೆಯ 4.1 ಮತ್ತು 0.85 ಜೊತೆ ಹೋಲಿಸಲು ಅಂಕಿಗಳು ಕೈಯಲ್ಲಿದ್ದವು, ಯಂತ್ರವೂ ಕ್ರಮವೂ ಅವೇ ಆಗಿದ್ದವು. ಟೆಮೊಜೊಲೊಮೈಡ್ ನಿಲ್ಲಿಸಲಿಲ್ಲ, ಮತ್ತೊಂದು ಶಸ್ತ್ರಚಿಕಿತ್ಸೆಗೂ ಕಳಿಸಲಿಲ್ಲ. ಸ್ಟೀರಾಯ್ಡ್ ಪ್ರಮಾಣ ಬದಲಿಸದೆ ಎಂಟು ವಾರಗಳ ನಂತರ ಮತ್ತೆ ತೆಗೆದ ಚಿತ್ರದಲ್ಲಿ ಆ ಬೆಳಕು 9 × 7 ಮಿ.ಮೀ.ಗೆ ಇಳಿದಿತ್ತು, ಮುಂದಿನ ಎಂಆರ್‌ಐಯನ್ನು ಎರಡು ತಿಂಗಳಿಗೆ ಗೊತ್ತುಮಾಡಿದರು.